ಹನ್ನೊಂದು ಕ್ಯಾಲೆಂಡರಿನ ಗ್ವಾಡಿ

ಇಳಕಲ್ಲಿನಾಗ ಎರಡು ಖೋಲಿ ಕೊಂಡು ಬಾಡಿಗಿಗೆ ಬಿಟ್ಟೆ. ನಾ ಇರೂದು ಬಾಗಲಕೋಟಿ ಒಳಗ, ಅದೂ ಬಾಡಿಗಿ ಮನ್ಯಾಗ. ಆದ್ರೂ ಮನಿ ಮಾಲಕರ ಆನ್‌ಲೈನ್ ಗ್ರೂಪಿಗೆ ಸೇರಿದ ದಿನ ಮಂದಿ ‘ಬರ್ರಿ ಮಾಲಕರ’ ಅಂದಾಗ ನನ್ನ ಕಾಲು ನೆಲದ ಮ್ಯಾಲ ನಿಲ್ಲಲಿಲ್ಲ. ಅದ ಹುರುಪಿನಾಗ ಬರದೆ: ‘ಹೇಳದ ಕೇಳದ ಗ್ವಾಡಿಗೆ ಮೊಳಿ ಹೊಡಿಯೋ ಬಾಡಿಗಿಯವ್ರನ್ನ ಸುಮ್ನ ಬಿಡಬಾರ್ದ್ರಿ.’

ಮೊದಲ ಉತ್ತರ ನನ್ನ ಮನಿ ಮಾಲಕರದ್ದು. ಅವರೂ ಆ ಗ್ರೂಪಿನಾಗ ಇದ್ದದ್ದು ನನಗ ಗೊತ್ತಿರಲಿಲ್ಲ.

‘ಖರೆ ಮಾತ್ರಿ ಮಾಲಕರ. ನಾಳಿ ಮುಂಜಾನಿ ನಿಮ್ಮ ಕಡೆ ಬರ್ತೇನಿ.’

ಗಡಬಡಿಸಿ ನಮ್ಮ ಪಡಸಾಲಿ ಗ್ವಾಡಿಯ ಹನ್ನೊಂದು ಕ್ಯಾಲೆಂಡರ್ ಇಳಿಸಿ ಮೊಳಿ ಕಿತ್ತೆ. ಉಳಿದ ತೂತು ನೋಡಿ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಆಮ್ಯಾಲ ‘ಈ ತೂತು ಮುಚ್ಚಾಕ ಕ್ಯಾಲೆಂಡರ್ ಬೇಕಲ್ಲ’ ಅಂತ ಆಕಿನ ಮತ್ತ ಮೊಳಿ ಹಿಡಿದಳು. ನಾ ಸುತ್ತಿಗಿ ತಗೊಂಡೆ.