ಮುಚ್ಚಳವಿಲ್ಲದ ಡಬ್ಬಿ

ಕೆಲಸಕ್ಕೆ ಸೇರಿದ ಮೂರನೇ ವಾರದಲ್ಲಿ ನಾನು ನಮ್ಮೂರಿನ ರಸ್ತೆಗಳ ಮೇಲೆ ಇನ್ನೂರ ಹನ್ನೆರಡು ಸರ್ವೆ ಗುರುತುಗಳನ್ನು ಕಂಡುಹಿಡಿದೆ. ಯಾರೋ ಪುಣ್ಯಾತ್ಮರು ನನಗಿಂತ ಮೊದಲೇ ಊರನ್ನೆಲ್ಲ ಅಳೆದು, ಅಲ್ಲಲ್ಲಿ ಬಿಳಿ ಚುಕ್ಕಿ ಇಟ್ಟು ಹೋಗಿದ್ದಾರೆ ಎಂದುಕೊಂಡೆ. ಮಂಡಿಯೂರಿ ಕೂತು, ಒಂದೊಂದಕ್ಕೂ ಟೇಪು ಹಿಡಿದು, ನಂಬರು ಕೊಟ್ಟು, ಕಂಪ್ಯೂಟರಿನ ನಕ್ಷೆಗೆ ಏರಿಸಿದೆ. ಒಂಬತ್ತು ದಿನದ ಕೆಲಸ. ನಗರಸಭೆ ಮಾಡಹೊರಟ ಹೊಸ ಸೈಕಲ್ ದಾರಿಗೆ ಇದಕ್ಕಿಂತ ಗಟ್ಟಿ ತಳಹದಿ ಬೇಕೇ ಎಂದು ನಕ್ಷೆಯನ್ನು ಮೇಡಂ ಮೇಜಿನ ಮೇಲೆ ಹರಡಿದೆ.

ಮೇಡಂ ನಗರಸಭೆಯ ಇಂಜಿನಿಯರು. ಕನ್ನಡಕ ಹಣೆಗೇರಿಸಿ ಸ್ವಲ್ಪ ಹೊತ್ತು ನೋಡಿದರು. "ಈ ಗುರುತು ಯಾರು ಹಾಕಿದ್ದು?" ಎಂದರು. ನನಗೆ ಗೊತ್ತಿರಲಿಲ್ಲ. ಹೊರಗೆ ಬ್ರಷ್ಷು ತೊಳೆಯುತ್ತಿದ್ದವರೊಬ್ಬರನ್ನು ಒಳಗೆ ಕರೆದರು. ಅವರು ಬಂದು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಕ್ಷೆಯ ಮೇಲೆ ಬಗ್ಗಿದರು.

"ಇದು ನನ್ನ ಡಬ್ಬಿ ತುಳುಕಿದ್ದಲ್ವಾ?"

ಆವತ್ತಿನಿಂದ ಆಫೀಸಿನಲ್ಲಿ ನಾನು ಚುಕ್ಕಿ ಸಾರ್.

ಅವರು ಗೆರೆ ಮಾವ. ಯಾರಿಗೂ ಸೋದರಮಾವನಲ್ಲ, ಆದರೂ ಊರಿಗೆಲ್ಲ ಮಾವ. ರಸ್ತೆಯ ಮೇಲೆ ಬಿಳಿ ಗೆರೆ ಎಳೆಯುವುದು ಅವರ ಕೆಲಸ, ಇಪ್ಪತ್ತೊಂದು ವರ್ಷದಿಂದ. ಅದಕ್ಕೂ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರಂತೆ. ಅಚ್ಚಾದ ಬೋರ್ಡುಗಳು ಬಂದು ಆ ಕೆಲಸ ನಿಂತಿತು. "ಅಕ್ಷರ ಬರೆದ್ರೆ ಹತ್ತು ಜನ ತಪ್ಪು ಹುಡುಕ್ತಾರೆ. ಗೆರೇನ ಯಾರೂ ಓದಲ್ಲ, ನೆಮ್ಮದಿ," ಎನ್ನುತ್ತಾರೆ. ಕೆಲಸಕ್ಕೆ ಹೋಗುವುದು ಸೈಕಲ್ಲಿನಲ್ಲಿ. ಹ್ಯಾಂಡಲ್ಲಿಗೆ ಬಣ್ಣದ ಡಬ್ಬಿ ನೇತಾಡುತ್ತಿರುತ್ತದೆ. ಅದಕ್ಕೆ ಮುಚ್ಚಳವಿಲ್ಲ. ಯಾವ ಕಾಲದಲ್ಲೋ ಕಳೆದದ್ದು, ಹೊಸದು ತರಲು ಅವರಿಗೆ ಪುರಸೊತ್ತಾಗಿಲ್ಲ.

ನನಗೆ ಅವರನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ಈಗಲೂ ಉರಿಯುತ್ತದೆ. ಹಗ್ಗ ಹಿಡಿಯದೆ ಅವರು ಎಳೆದ ಗೆರೆ ನೆಟ್ಟಗಿರುತ್ತದೆ. ನಾನು ಸ್ಕೇಲು ಹಿಡಿದು ಎಳೆದದ್ದೂ ಸೊಟ್ಟ. ಚಹಾ ಅಂಗಡಿಯವನು ಅವರಿಗೆ ಕಂಠಮಟ್ಟ ತುಂಬಿಸುತ್ತಾನೆ, ನನಗೆ ಮುಕ್ಕಾಲು ಗ್ಲಾಸು. ನನ್ನಮ್ಮ ಅವರನ್ನು ನೋಡಿದ್ದೇ ಎರಡು ಸಲ, ಆದರೂ ನಾನು ಎಂಟು ಗಂಟೆಯವರೆಗೆ ಮಲಗಿದರೆ "ಆ ಗೆರೆ ಮಾವ ಇಷ್ಟೊತ್ತಿಗೆ ಅರ್ಧ ರಸ್ತೆ ಮುಗಿಸಿರ್ತಾರೆ" ಎಂದು ಹೊದಿಕೆ ಎಳೆಯುತ್ತಾಳೆ.

ಇನ್ನು ನನ್ನ ತಂಗಿ. ಅವಳು ನರ್ಸಿಂಗ್ ಕಲಿಯುತ್ತಿದ್ದಾಳೆ, ಆಸ್ಪತ್ರೆಗೆ ಸೈಕಲ್ಲಿನಲ್ಲಿ ಹೋಗುತ್ತಾಳೆ. ಒಮ್ಮೆ ದೊಡ್ಡ ರಸ್ತೆಯಲ್ಲಿ ಅವಳ ಮುಂದಿನ ಚಕ್ರ ಚರಂಡಿಯ ಕಬ್ಬಿಣದ ಜಾಲರಿಯ ಸಂದಿಗೆ ಇಳಿದು, ಬಿದ್ದು, ಗದ್ದಕ್ಕೆ ಮೂರು ಹೊಲಿಗೆ ಹಾಕಿಸಿಕೊಂಡಳು. ನಾನು ಇಡೀ ಸಂಜೆ ಆ ರಸ್ತೆಯನ್ನು ಬೈದೆ. ಗೆರೆ ಮಾವ ಮಾರನೆಯ ದಿನ ಇಬ್ಬರು ಕೂಲಿಯವರನ್ನು ಕರೆದುಕೊಂಡು ಹೋಗಿ, ಸಂದಿಗಳು ಚಕ್ರಕ್ಕೆ ಅಡ್ಡವಾಗುವಂತೆ ಜಾಲರಿಯನ್ನೇ ತಿರುಗಿಸಿ ಕೂರಿಸಿದರು. ಅಷ್ಟೇ ಕೆಲಸ. "ಅಣ್ಣಾ, ನಿನಗೆ ಯಾಕೆ ಇದು ಹೊಳೀಲಿಲ್ಲ?" ಎಂದಳು ತಂಗಿ, ಬ್ಯಾಂಡೇಜಿನ ಗದ್ದ ಆಡಿಸುತ್ತ.

ಹಾಗಾಗಿ ಸೈಕಲ್ ದಾರಿಯ ಕೆಲಸ ನನಗೆ ಬರೀ ಕೆಲಸವಾಗಿರಲಿಲ್ಲ. ನನ್ನದು ಒಂದು ವರ್ಷದ ಗುತ್ತಿಗೆ ನೌಕರಿ. ಈ ಯೋಜನೆ ಸಮಿತಿಯಲ್ಲಿ ಪಾಸಾದರೆ, ವಿನ್ಯಾಸ ಮಾಡಿದವನನ್ನು ಕಾಯಂ ಮಾಡಲು ಬರೆಯುತ್ತೇನೆ ಎಂದು ಮೇಡಂ ಮಾತು ಕೊಟ್ಟಿದ್ದರು. ನಾನು ದೊಡ್ಡ ರಸ್ತೆಯ ಎರಡೂ ಅಂಚಿಗೆ, ಬಸ್ ನಿಲ್ದಾಣದಿಂದ ಆಸ್ಪತ್ರೆಯವರೆಗೆ, ಹಸಿರು ಪಟ್ಟಿ ಎಳೆದಿದ್ದೆ. ಪರದೆಯ ಮೇಲೆ ಎಷ್ಟು ಚೆಂದ ಕಾಣುತ್ತಿತ್ತೆಂದರೆ ನನಗೇ ದೃಷ್ಟಿ ತಾಗಬೇಕು.

ಮೇಡಂ ಅದನ್ನೂ ಗೆರೆ ಮಾವನಿಗೆ ತೋರಿಸಿದರು.

"ಚೆನ್ನಾಗಿದೆ," ಎಂದರು ಅವರು. "ಇದರ ಮೇಲೆ ಹೋಗೋದು ಯಾರು?"

"ಸೈಕಲ್ಲಿನವರು," ಎಂದೆ, ಹಲ್ಲು ಕಚ್ಚಿಕೊಂಡು.

"ಕಾರು ನಿಲ್ಲಿಸೋ ಜಾಗ ಇದು, ಸಾರ್. ನಾನು ಇಲ್ಲಿ ಗೆರೆ ಎಳೀಬೇಕಾದ್ರೇ ಏಳು ಕಾರಿನವರನ್ನ ಎಬ್ಬಿಸ್ಬೇಕು. ನಿಮ್ಮ ಆ ಚುಕ್ಕಿ ನಕ್ಷೆ ಇನ್ನೂ ಇದೆಯಾ?"

ಅಳಿಸಿರಲಿಲ್ಲ. ಒಂಬತ್ತು ದಿನದ ಬೆವರನ್ನು ಅಳಿಸಲು ಮನಸ್ಸು ಬಂದಿರಲಿಲ್ಲ. ತೆಗೆದು ತೋರಿಸಿದೆ. ಅವರು ಬಣ್ಣ ಹತ್ತಿದ ಬೆರಳನ್ನು ನನ್ನ ಪರದೆಯ ಮೇಲೇ ಇಟ್ಟರು.

"ಮೇಡಂ, ಚಕ್ರ ಎಲ್ಲಿ ಕುಣೀತೋ ಅಲ್ಲಿ ಬಣ್ಣ ಚೆಲ್ಲಿದೆ. ದೊಡ್ಡ ರಸ್ತೇಲಿ ನೋಡಿ, ಸಿಡುಬು ಬಂದ ಹಾಗಿದೆ. ಕಾಲುವೆ ಏರಿ ಮೇಲೆ ನೋಡಿ, ನಾಲ್ಕೇ ಚುಕ್ಕಿ. ಅದೂ ಆಸ್ಪತ್ರೆ ಹಿಂದಿನ ಗೇಟಿಗೇ ಹೋಗುತ್ತೆ."

"ಆ ಕಡೆ ನೀವು ಹೋಗೋದೇ ಇಲ್ಲ, ಅದಕ್ಕೆ ಚುಕ್ಕಿ ಇಲ್ಲ," ಎಂದೆ. ಸಿಕ್ಕಿಬಿದ್ದರು ಎಂದುಕೊಂಡಿದ್ದೆ.

"ದಿನಾ ಮನೆಗೆ ಹೋಗೋದು ಅದೇ ದಾರೀಲಿ."

ಮೇಡಂ ನಮ್ಮಿಬ್ಬರನ್ನೂ ನೋಡಿದರು. "ಇಬ್ಬರೂ ಒಂದೊಂದು ಡಬ್ಬಿ ತುಂಬಿಸ್ಕೊಂಡು ಎರಡೂ ದಾರಿ ಹೋಗಿಬನ್ನಿ."

ನಾನು ಸ್ಕೂಟರಿನವನು. ಸೈಕಲ್ ತುಳಿದು ಆರು ವರ್ಷವಾಗಿತ್ತು. ತಂಗಿಯ ಸೈಕಲ್ ತಂದೆ, ಸೀಟು ಏರಿಸಲು ಮರೆತೆ. ದೊಡ್ಡ ರಸ್ತೆಯಲ್ಲಿ ಮೊಣಕಾಲು ಗದ್ದಕ್ಕೆ ತಾಗುತ್ತ, ನನ್ನದೇ ಹಸಿರು ಪಟ್ಟಿ ಬರಬೇಕಿದ್ದ ಜಾಗದಲ್ಲಿ, ನಿಂತ ಕಾರುಗಳ ಬಾಗಿಲಿಗೆ ಹೆದರುತ್ತ ಹೋದೆ. ಎರಡನೇ ಜಾಲರಿಯ ಹತ್ತಿರ ಡಬ್ಬಿ ಒಮ್ಮೆ ನೆಗೆಯಿತು. ಆಸ್ಪತ್ರೆ ತಲುಪುವಾಗ ಡಬ್ಬಿಯಲ್ಲಿ ಅರ್ಧ ಬಣ್ಣ, ಇನ್ನರ್ಧ ನನ್ನ ಎಡಗಾಲಿನ ಮೇಲೆ. ಗೇಟಿನಲ್ಲಿ ತಂಗಿಯ ಗೆಳತಿಯರು ನಿಂತಿದ್ದರು. "ಕಾಲಿಗೆ ಏನಾಯ್ತು, ಪ್ಲಾಸ್ಟರ್ ಹಾಕಿದಾರಾ?" ಎಂದಳೊಬ್ಬಳು.

ಗೆರೆ ಮಾವ ಕ್ಯಾರಿಯರಿಗೆ ಕಟ್ಟಿ ತಂದಿದ್ದ ಕ್ಯಾನಿನಿಂದ ಡಬ್ಬಿಗಳನ್ನು ಮತ್ತೆ ತುಂಬಿಸಿಕೊಂಡು ಕಾಲುವೆಯ ಏರಿ ಹಿಡಿದು ಹಿಂದಿರುಗಿದೆವು. ಗಟ್ಟಿ ಮಣ್ಣು, ಒಂದು ಕಡೆ ನೀರು, ಒಂದು ಕಡೆ ಗೋದಾಮುಗಳ ಹಿಂಗೋಡೆ. ಹೊಸ ಡಾಂಬರಿಲ್ಲ, ದೀಪವಿಲ್ಲ, ಸೇತುವೆಯ ಹತ್ತಿರ ಸೈಕಲ್ಲನ್ನು ಹೊತ್ತು ಎಂಟು ಮೆಟ್ಟಿಲು ಇಳಿಯಬೇಕು. ಉಳಿದಂತೆ ಚಕ್ರ ಎಲ್ಲೂ ಕುಣಿಯಲಿಲ್ಲ. ಅರ್ಧ ದಾರಿಯಲ್ಲಿ ನಾನು ಸಿಳ್ಳೆ ಹಾಕುತ್ತಿದ್ದೆನಂತೆ. ಗೆರೆ ಮಾವ ಹಾಗಂದಾಗ ನಿಲ್ಲಿಸಿಬಿಟ್ಟೆ.

ಕೊನೆಗೆ ಅವರ ಮನೆ ಸಿಕ್ಕಿತು. ಎರಡು ಕೋಣೆ. ಒಳಗೆ ಹೊಲಿಗೆ ಮಿಷನ್ನಿಗೂ ಬೀರುವಿಗೂ ನಡುವೆ ಸೈಕಲ್ಲಿಗೆಂದೇ ಒಂದು ಚೌಕ ಗೆರೆ ಎಳೆದಿದ್ದರು. ಅವರ ಹೆಂಡತಿ ಬಟ್ಟೆ ಹೊಲಿಯುತ್ತಲೇ ಹೇಳಿದರು: "ನೋಡಪ್ಪಾ, ಈ ಮನೇಲಿ ಗುರುತು ಮಾಡಿಟ್ಟ ಜಾಗ ಇರೋದು ಅದಕ್ಕೊಂದಕ್ಕೇ." ಆಮೇಲೆ ನನ್ನ ಪ್ಯಾಂಟಿಗೆ ಹಳೇ ಬಟ್ಟೆ ಮತ್ತು ಸೀಮೆಎಣ್ಣೆ ಕೊಟ್ಟರು. ನಾನು ಉಜ್ಜುತ್ತಿದ್ದಾಗ ಎರಡು ಡಬ್ಬಿಗಳನ್ನೂ ಬಾಗಿಲ ಬಳಿ ಪಕ್ಕಪಕ್ಕ ಇಟ್ಟರು ಮಾವ. ನನ್ನದರಲ್ಲಿ ಒಂದು ಬೆರಳು ಕಮ್ಮಿಯಾಗಿತ್ತು. ಅವರದು ಅಂಚಿನವರೆಗೆ ಹಾಗೇ ಇತ್ತು.

ನಕ್ಷೆಯನ್ನು ನಾನೇ ಬದಲಿಸಿದೆ. ಏರಿಯ ಮೇಲೆ ದಾರಿ, ಸೇತುವೆಯ ಮೆಟ್ಟಿಲ ಪಕ್ಕ ಇಳಿಜಾರು, ಹದಿನಾರು ದೀಪ, ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಸೈಕಲ್ ನಿಲ್ದಾಣ, ದೊಡ್ಡ ರಸ್ತೆಯ ಅಷ್ಟೂ ಜಾಲರಿ ತಿರುಗಿಸುವುದು. ಹನ್ನೊಂದು ರಾತ್ರಿ ನಿದ್ದೆಗೆಟ್ಟಿದ್ದು ನಾನು. ಅಳತೆ ನನ್ನದು, ಬಣ್ಣ ನನ್ನದು, ಇಳಿಜಾರಿನ ಲೆಕ್ಕ ನನ್ನದು. ದಾರಿ ಮಾತ್ರ ಅವರದು. ಸೈಕಲ್ ದಾರಿಯ ನಕ್ಷೆಯಲ್ಲಿ ದಾರಿಯೊಂದನ್ನು ಬಿಟ್ಟರೆ ಉಳಿಯುವುದೇನು?

ಸಮಿತಿಯ ಹಿಂದಿನ ದಿನ ಮೇಡಂ ದೊಡ್ಡ ಹಾಳೆ ಕೈಗಿಟ್ಟರು. ಮೂಲೆಯಲ್ಲಿ ಒಂದು ಚೌಕ: 'ವಿನ್ಯಾಸ ಮಾಡಿದವರ ರುಜು'. "ಸಂಜೆಯೊಳಗೆ ಹಾಕಿ ತನ್ನಿ. ಕಾಯಂ ಮಾಡೋ ಪತ್ರ ಇದನ್ನ ನೋಡ್ಕೊಂಡೇ ಬರೀತೀನಿ," ಎಂದರು. ಕನ್ನಡಕದ ಮೇಲಿಂದ ಒಮ್ಮೆ ನೋಡಿದರು.

ಪೆನ್ನಿನ ಮುಚ್ಚಳ ನಾಲ್ಕು ಸಲ ತೆಗೆದು ಹಾಕಿದೆ. ಆಮೇಲೆ ಹಾಳೆ ಸುತ್ತಿಕೊಂಡು ನಡೆದೆ.

ಗೆರೆ ಮಾವ ಶಾಲೆಯ ಮುಂದೆ ಕೂತು ಜನ ದಾಟುವ ಪಟ್ಟಿ ಬಳಿಯುತ್ತಿದ್ದರು. ಹಾಳೆಯನ್ನು ಅವರ ಮುಂದೆ ನೆಲದ ಮೇಲೆ ಬಿಡಿಸಿ, ಚೌಕ ತೋರಿಸಿದೆ. ಇಂಥವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. 'ನನಗ್ಯಾಕೆ ಸಾರ್ ಅದೆಲ್ಲ, ನೀವೇ ಹಾಕ್ಕೊಳ್ಳಿ' ಎನ್ನುತ್ತಾರೆ. ನಾನು ಒಮ್ಮೆ ಬೇಡವೆನ್ನುತ್ತೇನೆ, ಅವರು ಒತ್ತಾಯಿಸುತ್ತಾರೆ, ನಾನು ಹಾಕುತ್ತೇನೆ. ಅಷ್ಟು ದೂರ ನಡೆದದ್ದೇ ಆ ಮಾತಿಗಾಗಿ.

"ಮಾವ, ನಿಜ ಹೇಳಿ. ಇಲ್ಲಿ ಯಾರ ರುಜು ಇರ್ಬೇಕು?"

ಅವರು ಹಿಡಿದ ಪಟ್ಟಿಯನ್ನು ಕೊನೆಯವರೆಗೆ ಮುಗಿಸಿ, ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟರು.

"ನಂದು. ಪೆನ್ ಕೊಡಿ."