ಮಂಗಳೂರಿನ ಬಸ್ಸು ಕಣ್ಣೆದುರೇ ನಿಂತಿತ್ತು

ಭಾವ ತೀರಿಕೊಂಡ ಸುದ್ದಿ ಬಂದಾಗ ನಾವು ನಡುಸಮುದ್ರದಲ್ಲಿ ಇರಲಿಲ್ಲ. ನೆಲದ ಮೇಲಿದ್ದೆವು. ನಾನು ಸುಳ್ಳು ಹೇಳಿದೆ — ಓರಗಿತ್ತಿ ಅಕ್ಕನಿಗೆ, ನಿಮಗೆ, ಆಮೇಲೆ ಊರಿಗೆಲ್ಲ. ನಿಮ್ಮ ಅಣ್ಣನ ಚಿತೆಗೆ ನೀವು ಬೆಂಕಿ ಇಡದ ಹಾಗೆ ಮಾಡಿದವಳು ನಾನೇ. ಇದನ್ನು ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ಅಳುತ್ತ ಹೇಳುವುದಂತೂ ಆಗುವುದೇ ಇಲ್ಲ.

ಆ ದಿನ ನಿಮಗೆ ನೆನಪಿದೆ, ಆದರೆ ಪೂರ್ತಿ ಇಲ್ಲ. ಮಗಳು, ಅಳಿಯ ಸೇರಿ ನಮ್ಮನ್ನು ಗೋವಾದಲ್ಲಿ ಹಡಗು ಹತ್ತಿಸಿದ್ದರು. ಕೊಚ್ಚಿಯಲ್ಲಿ ಇಳಿಯುವುದು. ದಾರಿಯಲ್ಲಿ ಒಂದು ಪುಟ್ಟ ಮೀನುಗಾರಿಕೆ ಬಂದರು — ಹಡಗು ದೂರದಲ್ಲೇ ನಿಂತು, ಸಣ್ಣ ದೋಣಿಗಳಲ್ಲಿ ನಮ್ಮನ್ನು ದಡಕ್ಕೆ ಬಿಟ್ಟರು. ಜೊತೆಯಲ್ಲಿ ಬಂದವರೆಲ್ಲ ಮೂಗಿಗೆ ಕರ್ಚೀಫು ಹಿಡಿದುಕೊಂಡು, ‘ಇಲ್ಲೇನಿದೆ ನೋಡಕ್ಕೆ’ ಎಂದು ಗೊಣಗುತ್ತಿದ್ದರು. ನಿಜ, ಪ್ರವಾಸಿಗರಿಗೆ ಅಂತ ಅಲ್ಲಿ ಏನೂ ಇರಲಿಲ್ಲ. ಮಂಜುಗಡ್ಡೆ ಪುಡಿ ಮಾಡುವ ಗದ್ದಲ, ಬಲೆ ಹೊಲಿಯುತ್ತ ಕೂತ ಗಂಡಸರು, ಬುಟ್ಟಿಗಾಗಿ ಜಗಳ ಆಡುವ ಹೆಂಗಸರು, ತಲೆ ಮೇಲೆ ಕಾಗೆ, ಹದ್ದು. ನೀವು ಮಾತ್ರ ಮೀನು ಹರಾಜು ಕೂಗುವ ಕಡೆಗೆ ನೆಟ್ಟಗೆ ನಡೆದಿರಿ. ಚೆಟ್ಟಳ್ಳಿಯ ಎಸ್ಟೇಟಿನಲ್ಲಿ ರೈಟರ್ ಆಗಿ, ಆಳುಗಳು ಕುಯ್ದು ತಂದ ಕಾಫಿ ಹಣ್ಣು ಅಳೆಸುತ್ತಲೇ ತಲೆ ಬೆಳ್ಳಗಾದವರು. ಎಲ್ಲಿ ಅಳತೆ ನಡೆದರೂ ಅಲ್ಲಿ ನಿಮ್ಮ ಮೂಗು ತೂರಿಸಲೇಬೇಕು.

ಬೆವರು ಒರೆಸಲು ಕೈ ಎತ್ತಿದಿರಿ. ಹರಾಜಿನವನು ಅದನ್ನೇ ಹರಾಜಿನ ಕೂಗು ಎಂದು ತಿಳಿದು ಒಂದು ಬುಟ್ಟಿ ಬಂಗುಡೆಯನ್ನು ನಿಮ್ಮ ಕಾಲ ಬುಡಕ್ಕೆ ತಳ್ಳಿಬಿಟ್ಟ! ನಾನು ನೋಡುತ್ತಿದ್ದೆ — ಈಗ ಇವರು ಕೈಮುಗಿದು, ತಪ್ಪಾಯ್ತು ಅನ್ನುತ್ತಾರೆ ಎಂದುಕೊಂಡೆ. ನೀವು ನಕ್ಕಿರಿ. ಜೋರಾಗಿ, ಹೊಟ್ಟೆ ಹಿಡಿದುಕೊಂಡು. ‘ಲೇ ಸುಶೀಲ, ಬಾರೇ ಇಲ್ಲಿ! ಮೀನು ತಗಂಡ್ಬಿಟ್ಟೆ! ಯಾರನ್ನೂ ಕೇಳ್ದೆ ತಗಂಡ್ಬಿಟ್ಟೆ!’

ಯಾರನ್ನೂ ಕೇಳದೆ — ಆ ಮಾತು ಎಲ್ಲಿಂದ ಬಂತು ಎಂದು ನಿಮಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಮದುವೆಯಾದ ಹೊಸತರಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಸಕಲೇಶಪುರದಲ್ಲಿ ಬಸ್ಸು ಬದಲಿಸುವಾಗ ನೀವೇ ಬೂತಿಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದಿರಿ. ಆನೆ ಬೇಲಿ ಮುರಿದಿದೆ, ಬಾ ಅಂದರಂತೆ. ಅಲ್ಲಿಂದಲೇ ವಾಪಸ್ಸು. ಮಗಳು ನರ್ಸಿಂಗ್ ಮುಗಿಸಿ ಪದವಿ ತೆಗೆದುಕೊಳ್ಳುವ ದಿನ ಮೈಸೂರಿನಲ್ಲಿ ನಾನೊಬ್ಬಳೇ ಕೂತಿದ್ದೆ. ನೀವು ಶನಿವಾರಸಂತೆಯ ಹತ್ತಿರ ಅಣ್ಣನ ಗದ್ದೆಯಲ್ಲಿ ಶುಂಠಿ ಕೀಳಿಸುತ್ತಿದ್ದಿರಿ. ಒಂದು ಅಂಗಿ ಬಟ್ಟೆ ಆರಿಸಿದರೂ ‘ಅಣ್ಣನ್ನ ಒಂದ್ಮಾತು ಕೇಳ್ತೀನಿ ತಡಿ’. ಭಾವ ಕೆಟ್ಟವರಲ್ಲ. ಅಪ್ಪ ಹೋದ ಮೇಲೆ ನಿಮ್ಮನ್ನು ಸಾಕಿದವರು, ಒಪ್ಪುತ್ತೇನೆ. ಆದರೆ ಸಾಕಿದ್ದನ್ನು ಅವರೂ ಮರೆಯಲಿಲ್ಲ, ನಿಮಗೂ ಮರೆಯಲು ಬಿಡಲಿಲ್ಲ.

ನೀವು ಬುಟ್ಟಿ ಹೊತ್ತು ಚಹಾದಂಗಡಿಯ ಹೆಂಗಸಿನ ಹತ್ತಿರ ಹೋದಿರಿ, ಹುರಿದು ಕೊಡ್ತೀಯೇನಮ್ಮ ಎಂದು ಕೇಳಲು. ಆಗ ಫೋನ್ ಬಂತು. ನಿಮ್ಮದು ಹಡಗಿನ ಕೋಣೆಯಲ್ಲೇ ಉಳಿದಿತ್ತು. ಫೋಟೋ ತೆಗೆಯಲು ನನ್ನದೊಂದೇ ತಂದಿದ್ದೆವು.

‘ಸುಶೀಲ, ನಿಮ್ಮ ಭಾವ ಹೋಗ್ಬಿಟ್ರು ಕಣೇ. ಬೆಳಿಗ್ಗೆ ಹಾಲು ಕರೆಯಕ್ಕೆ ಹೋದೋರು ಕೊಟ್ಟಿಗೇಲೇ…’ ಅಕ್ಕ ಅಳುತ್ತಿರಲಿಲ್ಲ. ಅಳುವುದು ಮುಗಿದಿತ್ತು. ‘ನಾಳೆ ಮಧ್ಯಾಹ್ನದವರ್ಗೂ ಇಟ್ಕಂಡಿರ್ತೀವಿ. ನಮ್ಗಿರೋದು ಎರಡೂ ಹೆಣ್ಣು. ಬೆಂಕಿ ಇಡಕ್ಕೆ ಸೋಮನೇ ಬರ್ಬೇಕು. ಫೋನ್ ಕೊಡು ಅವ್ನಿಗೆ.’

ಎದುರಿಗೆ ರಸ್ತೆಯಲ್ಲಿ ಮಂಗಳೂರಿನ ಬೋರ್ಡು ಹಾಕಿದ ಕೆಂಪು ಬಸ್ಸು ನಿಂತಿತ್ತು. ಹತ್ತಿದ್ದರೆ ಸಂಜೆಗೆ ಮಂಗಳೂರು, ಘಾಟಿ ಹತ್ತಿ ಬೆಳಗಾಗುವುದರೊಳಗೆ ಊರು. ಲೆಕ್ಕ ನನ್ನ ತಲೆಯಲ್ಲಿ ತಾನಾಗಿ ನಡೆದುಹೋಯಿತು. ತಿರುಗಿ ನೋಡಿದೆ. ನೀವು ಪ್ಯಾಂಟು ಮಡಿಸಿಕೊಂಡು ಆ ಹೆಂಗಸಿನ ಜೊತೆ ಕುಕ್ಕರುಗಾಲಿನಲ್ಲಿ ಕೂತು ಮೀನು ಉಜ್ಜುತ್ತಿದ್ದಿರಿ, ಏನೋ ಹೇಳಿ ಅವಳನ್ನು ನಗಿಸುತ್ತಿದ್ದಿರಿ.

‘ನಾವು ಸಮುದ್ರದ ಮಧ್ಯ ಇದೀವಿ ಅಕ್ಕ. ಇಳಿಯಕ್ಕಾಗಲ್ಲ. ಈಗ್ಲೇ ಹೇಳಿದ್ರೆ ಇವ್ರು ಎದೆ ಒಡ್ಕಂತಾರೆ. ದಡ ಸೇರಿದ್ಮೇಲೆ ನಾನೇ ಹೇಳ್ತೀನಿ.’

‘ಅದೇನೇ ಅಲ್ಲಿ ಸಂತೆ ಗಲಾಟೆ?’

‘ಊಟಕ್ಕೆ ಕರೀತಿದಾರೆ.’

ಅಷ್ಟೇ. ಯೋಚಿಸಲು ಸಮಯ ಸಿಗಲಿಲ್ಲ ಎಂದು ಹೇಳಬಹುದಿತ್ತು — ಹೇಳುವುದಿಲ್ಲ. ಸಿಕ್ಕಿತ್ತು. ಬಸ್ಸು ತುಂಬ ಹೊತ್ತು ಅಲ್ಲೇ ನಿಂತಿತ್ತು. ಅದು ಹೊರಟು ಹೋಗುವವರೆಗೂ ನಾನು ನೋಡುತ್ತಲೇ ಇದ್ದೆ.

ಆಮೇಲೆ ಚಹಾದಂಗಡಿಯ ಬೆಂಚಿನ ಮೇಲೆ ನಿಮ್ಮ ಪಕ್ಕ ಬಂದು ಕೂತೆ. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದಲೇ ಸೂತಕ. ಮೀನು ಮುಟ್ಟುವಂತಿಲ್ಲ, ಅದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಕೇಳದವರಿಗೆ ಸೂತಕವಿಲ್ಲ. ಹಾಗಾಗಿ ಆ ಬೆಂಚಿನ ಮೇಲೆ ಸೂತಕ ಇದ್ದದ್ದು ನನಗೊಬ್ಬಳಿಗೆ. ನೀವು ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕಿದಿರಿ — ‘ತಿನ್ನೇ, ಬಿಸಿ ಇದ್ದಾಗ್ಲೇ ತಿನ್ನು.’ ತಿಂದೆ. ಚೆನ್ನಾಗಿತ್ತು. ಗಂಟಲಿಗೆ ಸಿಕ್ಕಿಕೊಂಡಿತು ಎಂದರೆ ನೀವು ಸಮಾಧಾನ ಪಡುತ್ತಿದ್ದಿರೇನೋ, ಸಿಕ್ಕಿಕೊಳ್ಳಲಿಲ್ಲ. ಆ ಮಧ್ಯಾಹ್ನ ನನ್ನ ಗಂಡ ನನ್ನ ಪಕ್ಕದಲ್ಲಿದ್ದ. ಯಾರ ತಮ್ಮನೂ ಆಗಿರಲಿಲ್ಲ. ಅಂಥ ಒಂದು ಹೊತ್ತು ನನಗೆ ಬೇಕಿತ್ತು, ಕಿತ್ತುಕೊಂಡೆ. ಇವತ್ತು ಅದೇ ಬಂದರು, ಅದೇ ಫೋನು ಎಂದರೆ — ಬಹುಶಃ ಮತ್ತೆ ಕಿತ್ತುಕೊಳ್ಳುತ್ತೇನೆ. ಇದಕ್ಕೆ ನಾನು ಕ್ಷಮೆ ಕೇಳುತ್ತಿಲ್ಲ.

ಕೇಳಬೇಕಾದದ್ದು ಬೇರೆಯದಕ್ಕೆ.

ಕೊಚ್ಚಿಯಲ್ಲಿ ಇಳಿದ ಮೇಲೆ ಹೇಳಿದೆ. ಆ ಬಂದರಿನಿಂದ ವಾಪಸ್ಸು ಹಡಗು ಹತ್ತಿ ಹೊರಟ ನಂತರ ಸುದ್ದಿ ಬಂತು, ನಿಮ್ಮ ಸಂಕಟ ನೋಡಲಾಗದೆ ಮುಚ್ಚಿಟ್ಟೆ ಎಂದೆ. ನೀವು ನಂಬಿದಿರಿ. ನಂಬಿ ನನ್ನ ಕೈ ಹಿಡಿದುಕೊಂಡು, ‘ಒಬ್ಳೇ ಹೆಂಗೆ ತಡ್ಕಂಡೆ’ ಎಂದು ನನಗೇ ಸಮಾಧಾನ ಹೇಳಿದಿರಿ. ಚಿತೆಗೆ ಚಿಕ್ಕಪ್ಪನ ಮೊಮ್ಮಗ ಬೆಂಕಿ ಇಟ್ಟಿದ್ದ. ಊರಿನ ಹೆಂಗಸರು, ಎಂಥ ಗಟ್ಟಿ ಹೆಂಗಸು ಎಂದು ನನ್ನನ್ನು ಹೊಗಳಿದರು. ಅಕ್ಕ ಹೊಗಳಲಿಲ್ಲ. ನನ್ನ ಮುಖವನ್ನು ಒಂದು ಸಲ ನೋಡಿ ಒಳಗೆ ಹೋದರು. ಆ ದಿನ ಫೋನಿನಲ್ಲಿ ಅವರು ಏನು ಕೇಳಿಸಿಕೊಂಡಿದ್ದರೋ — ಕೇಳುವ ಧೈರ್ಯ ನನಗೆ ಬರಲಿಲ್ಲ.

ನೀವು ಮೀನು ಬಿಟ್ಟಿರಿ. ಊರು ಬಿಟ್ಟು ಹೋಗುವುದನ್ನೂ ಬಿಟ್ಟಿರಿ; ಭಾಗಮಂಡಲದಲ್ಲಿ ಸ್ವಂತ ಷಡ್ಡಕನ ಮಗನ ಮದುವೆ, ಅದಕ್ಕೂ ಬರಲಿಲ್ಲ. ಪ್ರತಿ ವರ್ಷ ಅಣ್ಣನ ತಿಥಿಯ ದಿನ, ಎಡೆ ಇಟ್ಟು ಎಲ್ಲರೂ ಊಟಕ್ಕೆ ಕೂತಾಗ, ನೀವು ಅದೇ ಮಾತು ಶುರು ಮಾಡುತ್ತೀರಿ: ‘ಅಣ್ಣ ಹೆಣವಾಗಿ ಮಲ್ಗಿದ್ದಾಗ ನಾನು ಮೀನು ತಿಂತಾ ಕೂತಿದ್ದೆ. ವಾಪಸ್ ಹಡಗು ಹತ್ತೋ ಮೊದ್ಲೇ ಸುದ್ದಿ ಬಂದಿದ್ರೆ…’ ಎಲೆಯ ಮೇಲಿನ ಅನ್ನ ಹಾಗೇ ಉಳಿಯುತ್ತದೆ. ನಾನು ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋಗುತ್ತೇನೆ. ಒಂದು ಮಾತು ಹೇಳಿದ್ದರೆ ನಿಮ್ಮ ಭಾರ ಇಳಿಯುತ್ತಿತ್ತು. ಹೇಳಲಿಲ್ಲ. ಯಾಕೆ — ನೀವು ನನ್ನನ್ನು ನೋಡುವ ನೋಟ ಬದಲಾಗುತ್ತದೆಂಬ ಹೆದರಿಕೆ. ಆ ಮಧ್ಯಾಹ್ನವನ್ನು ನಮ್ಮಿಬ್ಬರಿಗಾಗಿ ಕದ್ದೆ ಎನ್ನುತ್ತೇನೆ. ಆಮೇಲಿನ ವರ್ಷಗಳನ್ನು ಕದ್ದದ್ದು ಬರೀ ನನಗಾಗಿ. ಕ್ಷಮೆ ಕೇಳುತ್ತಿರುವುದು ಇದಕ್ಕೆ.

ನಾಳೆ ಮತ್ತೆ ತಿಥಿ. ದೊಡ್ಡಮನೆಯಲ್ಲಿ ಎಲ್ಲರೂ ಇರುತ್ತಾರೆ. ನೀವು ಮಾತು ಶುರು ಮಾಡುವ ಮೊದಲೇ ನಾನು ಹೇಳುತ್ತೇನೆ — ಅಕ್ಕನ ಎದುರಿಗೆ, ಊರಿನ ಎದುರಿಗೆ, ಬಂದರು, ಬಸ್ಸು ಎಲ್ಲವನ್ನೂ. ಆಮೇಲೆ ನೀವು ನನ್ನ ಜೊತೆ ಮಾತು ಬಿಟ್ಟರೆ ಬಿಡಿ. ನಾನು ಕೈಕಾಲು ಹಿಡಿಯುವವಳಲ್ಲ. ನಿಮ್ಮನ್ನು ನೀವು ಬೈದುಕೊಳ್ಳುವುದು ಮಾತ್ರ ನಾಳೆಗೆ ಮುಗಿಯಲಿ. ಬೈಸಿಕೊಳ್ಳಬೇಕಾದವಳು ಇಷ್ಟು ವರ್ಷ ನಿಮ್ಮ ಎಲೆಗೇ ಬಡಿಸುತ್ತಿದ್ದಳು.