ಪ್ರಶ್ನೆಯೊಳಗಿನ ಮುದುಕಿ

ನಮ್ಮ ಡಾಕ್ಟರಮ್ಮನ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ನಾಡಿ ಹಿಡಿದರೆ ಮಣಿಕಟ್ಟಿಗೆ ಸಣ್ಣಗೆ ಚುಚ್ಚುತ್ತಿತ್ತು. ಎಡಗೈಯೋ ಬಲಗೈಯೋ, ಈಗ ಬರೆಯುವಾಗ ಎರಡೂ ಸರಿ ಅನಿಸುತ್ತದೆ.

ಧಾರವಾಡದವರು. ಅಮೆರಿಕದ ಎಡಿಸನ್‌ನಲ್ಲಿ, ದಿನಸಿ ಅಂಗಡಿಯೊಂದರ ಮೇಲೆ ಅವರ ಎರಡು ಕೋಣೆಯ ಕ್ಲಿನಿಕ್. ಇಂಗ್ಲಿಷ್ ಬಾರದ ನನ್ನ ಅಮ್ಮ ಮೈಯ ಕಷ್ಟ ಬಾಯಿಬಿಟ್ಟು ಹೇಳುತ್ತಿದ್ದದ್ದು ಅವರೊಬ್ಬರ ಹತ್ತಿರ.

ಇಲ್ಲಿ ವೈದ್ಯರಿಗೆ ಲೈಸೆನ್ಸ್ ಅಲ್ಲದೆ ಬೋರ್ಡ್ ಸರ್ಟಿಫಿಕೇಟ್ ಅಂತ ಇನ್ನೊಂದಿದೆ. ಅದು ಉಳಿಯಬೇಕಾದರೆ ಮೂರು ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ ಒಂದಿಷ್ಟು ಪ್ರಶ್ನೆಗಳಿಗೆ ಉತ್ತರಿಸಬೇಕು. ಎಪ್ಪತ್ತು ದಾಟಿದ ಅವರು ಅದನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದರು. "ನಲವತ್ತು ವರ್ಷ ಪೇಶಂಟ್ ನೋಡೇನಿ. ಇನ್ನ ಯಾರ ಮುಂದ ಪರೀಕ್ಷಾ ಬರೀಲಿ?"

ಆ ವರ್ಷ, ಸಕ್ಕರೆ ಕಾಯಿಲೆಗೆ ಅವರದೇ ಮಾತ್ರೆ ನುಂಗುತ್ತಿದ್ದ ಅಮ್ಮನಿಗೆ ವಾರಕ್ಕೊಂದೆರಡು ಬೆಳಿಗ್ಗೆ ತಲೆಸುತ್ತು, ಬೆವರು. ಮಧ್ಯಾಹ್ನ ಕ್ಲಿನಿಕ್ ತಲುಪುವಷ್ಟರಲ್ಲಿ ಸಕ್ಕರೆ ಸರಿಯಾಗಿರುತ್ತಿತ್ತು. ಏಕಾದಶಿ, ಸಂಕಷ್ಟಿ, ಶನಿವಾರ, ಅಮ್ಮನ ಉಪವಾಸಗಳೆಲ್ಲ ಡಾಕ್ಟರಮ್ಮನಿಗೆ ಬಾಯಿಪಾಠ. ಅವನ್ನು ಬಿಡಿ ಎಂದರು. ಬಿಟ್ಟಳು. ತಲೆಸುತ್ತು ಹೋಗಲಿಲ್ಲ. ಕದ್ದು ಉಪವಾಸ ಮಾಡುತ್ತೀರಿ ಎಂದು ಅವರು ಗದರಿದರು, ಮನೆಯಲ್ಲಿ ನಾನೂ ಗದರಿದೆ. ಅಮ್ಮ ಆಣೆ ಇಟ್ಟು ನೋಡಿದಳು, ಆಮೇಲೆ ಅದನ್ನೂ ಬಿಟ್ಟಳು. ಹೀಗೆ ಎಂಟು ತಿಂಗಳು.

ಒಂದು ಭಾನುವಾರ ಡಾಕ್ಟರಮ್ಮ ತಾವೇ ಮನೆಗೆ ಬಂದರು. ಶನಿವಾರ ಎನ್ನುತ್ತಾಳೆ ನನ್ನ ಹೆಂಡತಿ. ಕೋಟೂ ಬಿಚ್ಚದೆ ಅಮ್ಮನ ಎದುರು ಕೂತರು.

"ನಿನ್ನೆ ಆ ಪರೀಕ್ಷಾದ ಒಂದ ಪ್ರಶ್ನಿಯೊಳಗ ಒಬ್ಬಾಕಿ ಮುದುಕಿ ಇದ್ಲರಿ. ಮುಂಜಾನೆ ತಲಿಸುತ್ತು, ಬೆವರು. ಸಕ್ರಿ ಗುಳಿಗಿ ನಿಲ್ಲಸಬೇಕಂತ ಒಂದ ನಿಮಿಷದಾಗ ಹೇಳಿದೆ. ಆಕಿ ಯಾರೋ ಏನೋ. ನಿಮ್ಮ ಗುರುತು ಭಾಳ ಇತ್ತು ನನಗ, ಅದಕ್ಕ ಗುಳಿಗಿ ಕಡೆ ನೋಡಲೇ ಇಲ್ಲ. ನೀವು ಖರೇನ ಹೇಳಿದ್ರಿ. ನಾ ನಂಬಲಿಲ್ಲ."

"ಹಾಗಾದ್ರೆ ಇನ್ಮೇಲೆ ಏಕಾದಶಿ ಮಾಡ್ಬಹುದಾ?" ಎಂದಳು ಅಮ್ಮ.

ಮಾತ್ರೆ ಬದಲಾಯಿತು, ತಲೆಸುತ್ತು ನಿಂತಿತು. ಡಾಕ್ಟರಮ್ಮ ಪರೀಕ್ಷೆ ಬಿಡಲಿಲ್ಲ. ಯಾಕೆಂದು ಕೇಳಿದರೆ, "ಗುರುತಿಲ್ಲದವರನ್ನ ಮೂರು ತಿಂಗಳಿಗೊಮ್ಮೆ ಆದ್ರೂ ನೋಡಬೇಕ್ರಿ," ಎನ್ನುತ್ತಿದ್ದರು.

ಕಳೆದ ವರ್ಷ ಕ್ಲಿನಿಕ್ ಮುಚ್ಚಿ ಹಾಸಿಗೆ ಹಿಡಿದರು. ಅವರನ್ನು ನೋಡಲು ಹೊರಟ ಬೆಳಿಗ್ಗೆ ಅಮ್ಮ ಬಾತ್‌ರೂಮಿನ ಬಾಗಿಲು ಹಿಡಿದು, ಕಣ್ಣು ಮುಚ್ಚಿ ನಿಂತದ್ದನ್ನು ನಾನು ಕಂಡೆ. ಇದೊಂದರಲ್ಲಿ ನನಗೆ ಅನುಮಾನವಿಲ್ಲ.

"ಈಗ ತಲಿ ತಿರಗತದೇನ್ರಿ?" ಡಾಕ್ಟರಮ್ಮನ ದನಿ ಕೇಳಲು ಬಗ್ಗಬೇಕಾಯಿತು.

"ಇಲ್ಲ ಡಾಕ್ಟ್ರಮ್ಮ. ಆವತ್ತಿಂದ ಒಂದು ಸಲವೂ ಇಲ್ಲ."

"ನಂಬತೀನಿ," ಎಂದು ಅಮ್ಮನ ಕೈ ಸವರಿದರು.

ನಾನು ಜಾರಿದ್ದ ಹೊದಿಕೆಯನ್ನು ಸರಿಮಾಡಿದೆ. ನಾಲ್ಕು ದಿನಕ್ಕೆ ಅವರು ತೀರಿಕೊಂಡರು.